ಸಡಿಲ ಬಿಡುವುದು, ಕೈಬಿಡುವುದು: ಹತ್ತು ವರ್ಷದ ಹುಡುಗನೊಬ್ಬನ ಹೊಟ್ಟೆನೋವು

ಆಪ್ತಸಮಾಲೋಚಕಿಯಾಗಿ ನಾನು ಕಂಡ ಈ ಪ್ರಕರಣದ ಹುಡುಗನನ್ನು ಸಂಜು ಎಂದು ಕರೆಯುತ್ತೇನೆ. ಊರು, ಮನೆಯವರ ಉದ್ಯೋಗ, ಕೆಲವು ತಾರೀಖುಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಯಾವ ಹೊತ್ತಿಗೆ ಯಾರು ಏನು ನಿರ್ಧಾರ ಮಾಡಿದರು ಎನ್ನುವುದನ್ನು ಮಾತ್ರ ಇದ್ದ ಹಾಗೆ ಇಟ್ಟಿದ್ದೇನೆ. ಅದರಲ್ಲಿ ನನ್ನದೊಂದು ತಪ್ಪೂ ಇದೆ. ಬರೆಯಲು ಮನೆಯವರು ಒಪ್ಪಿದ್ದಾರೆ. ಸಂಜು ಎಂಬ ಹೆಸರನ್ನು ಆರಿಸಿದವನು ಆ ಹುಡುಗನೇ.

ಮನೆ

ಹುಬ್ಬಳ್ಳಿಯಿಂದ ಎರಡು ತಾಸಿನ ದಾರಿಯಲ್ಲಿರುವ ತಾಲ್ಲೂಕು ಊರು. ತಂದೆಯದು ಬೀಜ-ಗೊಬ್ಬರದ ಅಂಗಡಿ. ತಾಯಿ ಪಕ್ಕದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಸಂಜು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಐದನೇ ಇಯತ್ತೆ, ತಂಗಿ ಯುಕೆಜಿ. ತಂದೆಯ ತಾಯಿಯೂ ಜೊತೆಗಿದ್ದಾರೆ. ಕುಡಿತ, ಸಾಲ, ಜಗಳ ಯಾವುದೂ ಇಲ್ಲದ ಮನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿಗೆ ಒತ್ತಡ ಅಂದ ಕೂಡಲೇ ನಾವೆಲ್ಲ ಆ ಮನೆಯಲ್ಲಿ ಏನೋ ಕೆಟ್ಟದ್ದು ನಡೆಯುತ್ತಿರಬೇಕು ಎಂದು ಹುಡುಕಲು ಶುರು ಮಾಡುತ್ತೇವೆ.

ನನಗೆ ಸಿಕ್ಕಿದ್ದು ಒಂದು ವೇಳಾಪಟ್ಟಿ. ತಿಜೋರಿಯ ಬಾಗಿಲಿಗೆ ಅಂಟಿಸಿದ್ದನ್ನು ತಾಯಿ ಫೋನಿನಲ್ಲಿ ಫೋಟೊ ತೆಗೆದುಕೊಂಡು ಬಂದಿದ್ದರು. ಸ್ಕೆಚ್ ಪೆನ್ನಿನಲ್ಲಿ ಅವರದೇ ದುಂಡನೆಯ ಅಕ್ಷರ, ಅಂಚಿಗೆ ಹೂಬಳ್ಳಿ. 5ಕ್ಕೆ ಏಳುವುದು. ಐದೂವರೆಯಿಂದ ಏಳರ ತನಕ ಮೆಂಟಲ್ ಎಬಿಲಿಟಿ, ಅಂದರೆ ತರ್ಕದ ಪ್ರಶ್ನೆಗಳ ಅಭ್ಯಾಸ. ಆಮೇಲೆ ಶಾಲೆ. ಸಂಜೆ 5ರಿಂದ 8 ಕೋಚಿಂಗ್. ಊಟ, ಹೋಂವರ್ಕ್, ಗಣಿತ. ಕೊನೆಯ ಸಾಲು: 10:45 ನಿದ್ದೆ. ಲೆಕ್ಕ ಹಾಕಿದರೆ ಆರೂಕಾಲು ತಾಸು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ತಾಸು ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಹೇಳಿದೆ. ಅಜ್ಜಿಗೆ ಅಕಾಡೆಮಿಯೇನೂ ಬೇಕಾಗಿರಲಿಲ್ಲ. "ಕೂಸು ಕುಂತಲ್ಲೇ ತೂಕಡಸ್ತೈತಿ" ಎಂದು ಮೇ ತಿಂಗಳಿನಿಂದಲೇ ಹೇಳುತ್ತಿದ್ದರಂತೆ.

ಕೋಚಿಂಗ್ ಯಾತಕ್ಕೆ ಎಂಬುದನ್ನು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಐದನೇ ಇಯತ್ತೆಯ ಮಕ್ಕಳ ಮುಂದೆ ಮೂರು ಬಾಗಿಲು: ನವೋದಯ, ಸೈನಿಕ ಶಾಲೆ, ಮೊರಾರ್ಜಿ ದೇಸಾಯಿ ವಸತಿ ಶಾಲೆ. ಮೂರಕ್ಕೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ. ನವೋದಯದ್ದು ಎರಡು ತಾಸು, 80 ಪ್ರಶ್ನೆ, 100 ಅಂಕ, ಅದರಲ್ಲಿ ಅರ್ಧ ಮೆಂಟಲ್ ಎಬಿಲಿಟಿಗೆ. ಸೈನಿಕ ಶಾಲೆಯದು ಎರಡೂವರೆ ತಾಸು, 125 ಪ್ರಶ್ನೆ, 300 ಅಂಕ. ನವೋದಯದಲ್ಲಿ ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು. ಆರನೇ ತರಗತಿಯ ಈ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು, ಎರಡನೇ ಅವಕಾಶ ಇಲ್ಲ. ಆ "ಒಂದೇ ಸಲ" ಎಂಬ ಮಾತು ಮನೆಗಳಲ್ಲಿ ಮಾಡುವ ಕೆಲಸವನ್ನು ಪ್ರಶ್ನೆಪತ್ರಿಕೆಯೂ ಮಾಡುವುದಿಲ್ಲ. ಹದಿನಾರು ವರ್ಷದೊಳಗಿನವರನ್ನು ಕೋಚಿಂಗ್‌ಗೆ ಸೇರಿಸಿಕೊಳ್ಳಬಾರದು ಎಂದು ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಮಾರ್ಗಸೂಚಿ ಹೇಳುತ್ತದೆ. ಸಂಜುನ ಕ್ಲಾಸಿನಲ್ಲಿ ಒಂಬತ್ತು-ಹತ್ತು ವರ್ಷದವರೇ ನಲವತ್ತು ಮಂದಿ ಇದ್ದರು.

ತೊಂದರೆ

ಜುಲೈನಲ್ಲಿ ಹೊಟ್ಟೆನೋವು ಶುರುವಾಯಿತು. ಹೊಕ್ಕುಳದ ಸುತ್ತ ನೋವು, ಕೆಲವು ಬೆಳಿಗ್ಗೆ ವಾಂತಿ. ಮೊದಲು ಅಜ್ಜಿಯ ಓಮಿನ ಕಷಾಯ, ಆಮೇಲೆ ಜಂತುಹುಳುವಿನ ಗುಳಿಗೆ, ಅದಾದ ಮೇಲೆ ಮಕ್ಕಳ ಡಾಕ್ಟರು. ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ಸರಿಯಿತ್ತು. ತೂಕ ಇಳಿದಿರಲಿಲ್ಲ, ಜ್ವರ ಇರಲಿಲ್ಲ, ಮಲದಲ್ಲಿ ರಕ್ತ ಇರಲಿಲ್ಲ, ನೋವಿಗೆ ರಾತ್ರಿ ಎಚ್ಚರವಾಗುತ್ತಿರಲಿಲ್ಲ. ಇವುಗಳಲ್ಲಿ ಒಂದಿದ್ದರೂ ಅವರು ನನ್ನ ಹತ್ತಿರ ಕಳಿಸದೆ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದರು. ಓದುವ ತಂದೆತಾಯಂದಿರು ಈ ಕ್ರಮವನ್ನು ಗಮನಿಸಬೇಕು. "ಟೆನ್ಶನ್ನಿಂದ ಆಗಿರಬೇಕು" ಎಂಬ ತೀರ್ಮಾನಕ್ಕೆ ಮನೆಯಲ್ಲೇ ಬರುವ ಹಾಗಿಲ್ಲ.

ತಂದೆಗೆ ಅನುಮಾನ ಬೇರೆಯಿತ್ತು. "ರಿಪೋರ್ಟ್ ಎಲ್ಲಾ ನಾರ್ಮಲ್ ಐತ್ರಿ. ಅಂದ್ಮ್ಯಾಲೆ ಇದು ಸಾಲಿ ತಪ್ಪಸೂ ಆಟಾನ ಹೌದಲ್ರಿ?" ನೋವು ನಿಜ ಎಂದು ಒಪ್ಪಿಸಲು ನನಗೆ ಅರ್ಧ ತಾಸು ಹಿಡಿಯಿತು. ಕರುಳಿಗೂ ಮಿದುಳಿಗೂ ನರಗಳ ನೇರ ಸಂಪರ್ಕವಿದೆ. ಒತ್ತಡದಲ್ಲಿ ಕರುಳಿನ ಚಲನೆ ಬದಲಾಗುತ್ತದೆ, ಮಾಮೂಲಿ ಚಲನೆಯೂ ನೋವಾಗಿ ತಟ್ಟುತ್ತದೆ. ಸ್ಕ್ಯಾನಿನಲ್ಲಿ ಕಾಣದ ಮಾತ್ರಕ್ಕೆ ಅದು ನಾಟಕವಲ್ಲ.

ಸಂಜು ಮೊದಲ ದಿನ ಹೆಚ್ಚು ಮಾತಾಡಲಿಲ್ಲ. ಕಾಗದ ಕೊಟ್ಟು, ಏನು ಬೇಕಾದರೂ ಬರಿ ಎಂದೆ. ಹತ್ತು ನಿಮಿಷ ತಲೆ ಎತ್ತದೆ ಬರೆದ. ಸಾಲಿಗೆ ನಾಲ್ಕರಂತೆ ಸಣ್ಣ ಸಣ್ಣ ವೃತ್ತ, ಪ್ರತಿ ಸಾಲಿನಲ್ಲೂ ಒಂದನ್ನು ನೀಲಿ ಬಾಲ್‌ಪೆನ್ನಿನಿಂದ ಒತ್ತಿ ಒತ್ತಿ ತುಂಬಿಸಿದ್ದ. ಗೆರೆ ದಾಟದ ಹಾಗೆ, ಅಷ್ಟು ಅಚ್ಚುಕಟ್ಟಾಗಿ.

"ಏನಪಾ ಇದು?"

"ಏನಿಲ್ರಿ. ಪ್ರಾಕ್ಟೀಸ್."

ಸಾಯಬೇಕು, ಇರಬಾರದು ಎನ್ನುವಂಥ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದ. ಹತ್ತು ವರ್ಷದ ಮಗುವಿಗೆ ಇದನ್ನು ಕೇಳುವುದೇ ಎಂದು ತಾಯಿ ಆಮೇಲೆ ಗಾಬರಿಪಟ್ಟರು. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಕೇಳದಿದ್ದರೆ ಇದ್ದದ್ದು ತಿಳಿಯುವುದಿಲ್ಲ. ಹೌದು ಎಂದಿದ್ದರೆ ದಾರಿಯೇ ಬೇರೆಯಾಗುತ್ತಿತ್ತು. ಮಕ್ಕಳ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ, ನಡುರಾತ್ರಿಯಲ್ಲಿ ಬೇಕಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನೂ ಬರೆದು ಕೊಡುತ್ತಿದ್ದೆ.

ಏನನ್ನೂ ಬದಲಿಸದ ಎರಡು ವಾರ

ಮೊದಲು ಏನನ್ನೂ ಬದಲಿಸಬೇಡಿ, ಎರಡು ವಾರ ಬರೀ ಬರೆದಿಡಿ ಎಂದೆ. ಹೊಟ್ಟೆನೋವು ಯಾವಾಗ ಬಂತು, ಸಣ್ಣದೋ ನಡುವಿನದೋ ದೊಡ್ಡದೋ. ಬರೆಯುವವನು ಸಂಜುನೇ.

ಹದಿನಾಲ್ಕು ದಿನದಲ್ಲಿ ಒಂಬತ್ತು ದಿನ ನೋವು. ಅಪ್ಪ ಅಂದುಕೊಂಡಂತೆ ಸೋಮವಾರ ಬೆಳಿಗ್ಗೆ ಏನೂ ಇಲ್ಲ. ದೊಡ್ಡ ನೋವೆಲ್ಲ ಬುಧವಾರ ಸಂಜೆ, ಭಾನುವಾರ ಬೆಳಿಗ್ಗೆ. ಅವೆರಡೂ ಕೋಚಿಂಗ್‌ನ ಟೆಸ್ಟ್ ದಿನ. ನಡುವೆ ಗಣೇಶನ ಹಬ್ಬಕ್ಕೆ ತಾಯಿಯ ತವರಿಗೆ ಹೋಗಿದ್ದ ಮೂರು ದಿನ ಪುಸ್ತಕ ಖಾಲಿ. ಶಾಲೆ ಅವನಿಗೆ ಇಷ್ಟವೇ ಇತ್ತು. ಕಬಡ್ಡಿ ಆಡಿಸುವ ಪಿಟಿ ಸರ್ ಬಗ್ಗೆ ಕೇಳಿದರೆ ಮಾತು ನಿಲ್ಲುತ್ತಿರಲಿಲ್ಲ. ಕೋಚಿಂಗ್‌ನಲ್ಲಿ ಕಡಿಮೆ ಅಂಕ ಬಂದ ಐದು ಮಂದಿ ಮುಂದಿನ ಕ್ಲಾಸು ಮುಗಿಯುವ ತನಕ ನಿಂತೇ ಇರಬೇಕಂತೆ. ಸಂಜು ಒಮ್ಮೆಯೂ ನಿಂತವನಲ್ಲ. ನಿಲ್ಲಬೇಕಾದೀತು ಎಂಬ ಭಯವೇ ಸಾಕಾಗಿತ್ತು. ಶಾಲೆಗಳಲ್ಲಿ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಕೋಚಿಂಗ್‌ನವರನ್ನು ಕೇಳಿದರೆ "ನಮ್ಮದು ಸಾಲಿ ಅಲ್ರಿ" ಎನ್ನುತ್ತಾರೆ, ಶಾಲೆ ಮುಗಿಸಿ ಬಂದವರನ್ನು ಮತ್ತೆ ಮೂರು ತಾಸು ಕೂರಿಸಿಕೊಳ್ಳುತ್ತಾರೆ.

ಇನ್ನೊಂದು ಲೆಕ್ಕವನ್ನೂ ಇಡಿಸಿದೆ. ರಾತ್ರಿ ಎಂಟರಿಂದ ಮಲಗುವ ತನಕ ಅಪ್ಪ-ಅಮ್ಮ ಸಂಜುಗೆ ಹೇಳುವ ಪ್ರತಿ ಆಜ್ಞೆಗೆ, ಪ್ರತಿ ವಿಚಾರಣೆಗೆ ಬಟ್ಟಲಲ್ಲಿ ಒಂದು ಗೋವಿನಜೋಳದ ಕಾಳು. ಹಾಕುವ ಕೆಲಸ ಅಜ್ಜಿಯದು. ಎಣಿಸಿದಾಗ 58 ಕಾಳು. ಎರಡು ಅಜ್ಜಿಯವೇ, ತಾನಂದದ್ದಕ್ಕೂ ಹಾಕಿಕೊಂಡಿದ್ದರು. "ಕೈ ತೊಳ್ಕೊ", "ಎಷ್ಟು ಬಂತು", "ಯಾವುದು ತಪ್ಪಾತು", "ನೆಟ್ಟಗ ಕೂಡು", "ಲಗೂ ಉಣ್ಣು". ಸುಮ್ಮನೆ ಏನೋ ಹೇಳಿ ನಕ್ಕದ್ದು, ಅವನು ಹೇಳಿದ್ದನ್ನು ಕೇಳಿದ್ದು ನಾಲ್ಕು ಸಲ. ತಂದೆ ಆ ಬಟ್ಟಲನ್ನು ಬಹಳ ಹೊತ್ತು ನೋಡಿದರು. ಬೀಜ ಮಾರುವವರಿಗೆ ಕಾಳಿನ ಲೆಕ್ಕ ಅರ್ಥವಾಗುತ್ತದೆ.

ನನ್ನ ತಪ್ಪು

ಮೂರನೇ ಭೇಟಿಯಲ್ಲಿ ನಾನು ಹೇಳಿದ ಮಾತು ನನ್ನ ಟಿಪ್ಪಣಿಯಲ್ಲೇ ಇದೆ: "ಒಂದಿಷ್ಟು ಸಡಿಲ ಬಿಡ್ರಿ." ಏನನ್ನು, ಎಷ್ಟು, ಹೇಗೆ ಎಂದು ಬಿಡಿಸಿ ಹೇಳಲಿಲ್ಲ. ಹಿಂದಿನವರದು ತಡವಾಗಿ, ಮುಂದಿನವರು ಹೊರಗೆ ಕಾಯುತ್ತಿದ್ದರು. ಅದು ನೆಪ, ಕಾರಣವಲ್ಲ.

ದಸರೆ ಮುಗಿಸಿ ಬಂದಾಗ ಮೂವರ ಮುಖವೂ ಇಳಿದಿತ್ತು. ತಂದೆ ಮನೆಗೆ ಹೋದ ದಿನವೇ ವೇಳಾಪಟ್ಟಿ ಹರಿದಿದ್ದರು. ಮರುದಿನದಿಂದ ಕೋಚಿಂಗ್ ಬಂದ್. ಸಂಜುಗೆ ಯಾರೂ ಏನೂ ಹೇಳಿರಲಿಲ್ಲ. ಐದಕ್ಕೆ ಬ್ಯಾಗ್ ಹಾಕಿಕೊಂಡು ಹೊರಟವನಿಗೆ "ಇವತ್ತಿಂದ ಬ್ಯಾಡ" ಎಂದರಂತೆ, ಅಷ್ಟೆ. "ಮೇಡಮ್ಮಾರು ಏನೂ ಅನಬ್ಯಾಡ ಅಂದಾರ" ಎಂದು ತಾಯಿ ಬಾಯಿಗೆ ಬೀಗ ಹಾಕಿಕೊಂಡರು. ಸಂಜು ರಾತ್ರಿ ಹನ್ನೆರಡರ ತನಕ ಮೊಬೈಲ್ ನೋಡಿದ. ಊಟ ಬೇಕಾದಾಗ ಮಾಡಿದ, ಇಲ್ಲದಿದ್ದರೆ ಬಿಟ್ಟ. ಯಾರೂ ತಡೆಯಲಿಲ್ಲ. ಮೊದಲ ನಾಲ್ಕು ದಿನ ಹೊಟ್ಟೆನೋವಿಲ್ಲ. ಐದನೇ ದಿನದಿಂದ ದಿನಾ ಬಂತು, ಹೋಗಲು ಟೆಸ್ಟೇ ಇಲ್ಲದ ಭಾನುವಾರವೂ ಬಂತು.

ತಂದೆತಾಯಿಯನ್ನು ಹೊರಗೆ ಕೂರಿಸಿ ಅವನೊಬ್ಬನ ಜೊತೆ ಮಾತಾಡಿದೆ. ಬಹಳ ಹೊತ್ತು ಬೆರಳು ಚಿವುಟಿಕೊಳ್ಳುತ್ತ ಕೂತಿದ್ದ. ಆಮೇಲೆ ಕೇಳಿದ:

"ನಾ ಪಾಸ್ ಆಗಂಗಿಲ್ಲ ಅಂತ ಪಪ್ಪಾಗ ಗೊತ್ತಾತೇನ್ರಿ?"

ಇಡೀ ಪ್ರಕರಣ ತಿರುಗಿದ್ದು ಆ ಪ್ರಶ್ನೆಯಿಂದ. ನಾವು ಮೂವರು ದೊಡ್ಡವರು ಅದನ್ನು ಸ್ವಾತಂತ್ರ್ಯ ಅಂದುಕೊಂಡಿದ್ದೆವು. ಅಪ್ಪ ನನ್ನ ಮೇಲಿನ ಆಸೆ ಬಿಟ್ಟರು ಎಂದು ಅವನು ಅಂದುಕೊಂಡಿದ್ದ. ಇಷ್ಟು ದಿನ ಮನೆಯಲ್ಲಿ ಅವನ ಕಡೆ ಬರುತ್ತಿದ್ದ ಗಮನವೆಲ್ಲ ಆ ಪರೀಕ್ಷೆಯ ಬಾಗಿಲಿಂದಲೇ ಬರುತ್ತಿತ್ತು. ನಾವು ಬಾಗಿಲು ಮುಚ್ಚಿದ್ದೆವು, ಬೇರೆ ಬಾಗಿಲು ತೆಗೆದಿರಲಿಲ್ಲ.

ಮಕ್ಕಳನ್ನು ಬೆಳೆಸುವ ಬಗೆಯನ್ನು 1960ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಡಯಾನಾ ಬೌಮ್ರಿಂಡ್ ಮೂರಾಗಿ ಗುರುತಿಸಿದ್ದರು: ಬರೀ ಬಿಗಿ, ಬರೀ ಸಡಿಲ, ಪ್ರೀತಿಯ ಜೊತೆಗೇ ಕಟ್ಟುಪಾಡು. 1983ರಲ್ಲಿ ಮಕಾಬಿ ಮತ್ತು ಮಾರ್ಟಿನ್ ಎಂಬಿಬ್ಬರು ಅದನ್ನೇ ಎರಡು ಅಳತೆಗೋಲಿನಲ್ಲಿಟ್ಟು ನೋಡಿದರು. ಮಗುವಿನಿಂದ ಎಷ್ಟು ನಿರೀಕ್ಷಿಸುತ್ತೀರಿ ಎಂಬುದು ಒಂದು, ಮಗುವಿಗೆ ಎಷ್ಟು ಸ್ಪಂದಿಸುತ್ತೀರಿ ಎಂಬುದು ಇನ್ನೊಂದು. ಎರಡೂ ಕಡಿಮೆಯಾದರೆ ಆಗುವ ನಾಲ್ಕನೇ ಬಗೆಯ ಹೆಸರು ನಿರ್ಲಕ್ಷ್ಯ. ಪಾಠ ಮಾಡುವಾಗ ಇದನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಆದರೂ "ಸಡಿಲ" ಎಂಬ ಒಂದೇ ಪದ ಕೊಟ್ಟು ಒಂದು ಮನೆಯನ್ನು ಮೂರು ವಾರ ಆ ನಾಲ್ಕನೇ ಮನೆಯೊಳಗೆ ಕಳಿಸಿದ್ದೆ. ಅದನ್ನು ಅವರ ಮುಂದೆ ಹೇಳಿದೆ. ತಪ್ಪು ನನ್ನದು ಎಂದಾಗ ತಾಯಿಯ ಭುಜ ಇಳಿದದ್ದು ಕಂಡಿತು. ಅಲ್ಲಿಯ ತನಕ ಅವರು ಇದನ್ನೂ ತನ್ನ ಫೇಲ್ ಎಂದೇ ಲೆಕ್ಕ ಹಿಡಿದಿದ್ದರು.

ಯಾವುದು ಯಾರದು

ಆ ದಿನ ನಾಲ್ವರೂ ಕೂತು ಮೇಜಿನ ಮೇಲೆ ಚೀಟಿ ಹರಡಿದೆವು. ಮನೆಯಲ್ಲಿ ಕಿರಿಕಿರಿಯಾಗುವ ಒಂದೊಂದು ವಿಷಯಕ್ಕೂ ಒಂದು ಚೀಟಿ. ನಿದ್ದೆ, ಮೊಬೈಲ್, ಹೋಂವರ್ಕ್, ಕೂದಲು ಕಟಿಂಗ್, ಎಷ್ಟು ಚಪಾತಿ, ಯಾರ ಜೊತೆ ಆಟ, ಯಾವ ಅಂಗಿ, ನವೋದಯ. ಎರಡು ಗುಂಪು: ಅಪ್ಪ-ಅಮ್ಮ ನಿರ್ಧರಿಸುವುದು, ಸಂಜು ನಿರ್ಧರಿಸುವುದು. ಮೊದಲು ಎಲ್ಲ ಚೀಟಿಯೂ ಅಪ್ಪ-ಅಮ್ಮನ ಕಡೆಯೇ ಹೋದವು. ಒಂದೊಂದನ್ನೇ ಎತ್ತಿ "ಇದರಲ್ಲಿ ಅವನು ತಪ್ಪು ಮಾಡಿದರೆ ಆಗುವ ನಷ್ಟ ಎಷ್ಟು, ಎಷ್ಟು ದಿನದ್ದು?" ಎಂದು ಕೇಳುತ್ತ ಹೋದೆ. ಅಂಗಿಯ ಚೀಟಿ ತಕ್ಷಣ ದಾಟಿತು. ಚಪಾತಿಯ ಚೀಟಿ ಮೂರು ಸಲ ಅತ್ತಿತ್ತ ಓಡಾಡಿತು.

ಕೊನೆಗೆ ಅಪ್ಪ-ಅಮ್ಮನ ಕಡೆ ಉಳಿದದ್ದು ಮೂರು. ರಾತ್ರಿ ಒಂಬತ್ತೂಕಾಲಿಗೆ ದೀಪ ಆರಬೇಕು. ಮೊಬೈಲ್ ದಿನಕ್ಕೆ ಅರ್ಧ ತಾಸು, ಪಡಸಾಲೆಯಲ್ಲೇ. ಹೊರಗೆ ಹೋಗುವಾಗ ಎಲ್ಲಿಗೆ ಎಂದು ಹೇಳಿ ಹೋಗಬೇಕು. ಈ ಮೂರರಲ್ಲಿ ಚೌಕಾಸಿ ಇಲ್ಲ, ಆದರೆ ಕೂಗಾಟವೂ ಇಲ್ಲ. ಹೋಂವರ್ಕ್ ಯಾವಾಗ, ಹೇಗೆ ಎಂಬುದು ಸಂಜುನ ಕಡೆ ಹೋಯಿತು.

ನವೋದಯದ ಚೀಟಿ ಮೇಜಿನ ನಡುವೆಯೇ ಉಳಿಯಿತು. ಫಾರ್ಮ್ ತುಂಬಿಯಾಗಿತ್ತು. ತಾಯಿ ಅದರ ಕಡೆ ಕೈ ಚಾಚಿ ನಿಲ್ಲಿಸಿದರು. ಅವರು ಐದನೇ ಇಯತ್ತೆಯಲ್ಲಿದ್ದಾಗ ಮನೆಯಲ್ಲಿ ಯಾರಿಗೂ ನವೋದಯದ ಹೆಸರೂ ಗೊತ್ತಿರಲಿಲ್ಲ ಎಂದು ಮೊದಲ ದಿನ ಹೇಳಿದ್ದರು. ಈಗ ಬೇರೆ ಹೇಳಿದರು. "ಗೊತ್ತಿತ್ರಿ. ಎರಡು ವರ್ಷ ಆದಮ್ಯಾಲೆ ತಮ್ಮಗ ಫಾರ್ಮ್ ತಂದ್ರು. ನನಗ ತಂದಿರಲಿಲ್ಲ, ಅಷ್ಟ." ತಮ್ಮ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಯಾರೂ ಏನೂ ಅನ್ನಲಿಲ್ಲ. ಹಾಗೆ ನೋಡಿದರೆ ಅವರ ಭಯಕ್ಕೆ ಆಧಾರವಿತ್ತು. ಒಂದು ಫಾರ್ಮ್ ಇಬ್ಬರ ಬದುಕನ್ನು ಬೇರೆ ಬೇರೆ ಮಾಡಿದ್ದನ್ನು ಅವರು ಕಣ್ಣಾರೆ ನೋಡಿದ್ದರು. ನಿರಾಳವಾಗಿರಿ ಎಂದು ಅಂಥವರಿಗೆ ಹೇಳುವುದು ಸುಲಭ. ಆ ಮಾತಿಗೆ ಬೆಲೆಯೂ ಅಷ್ಟೇ.

ಅವರೇ ಚೀಟಿಯನ್ನು ಸಂಜುನ ಕಡೆ ಸರಿಸಿದರು. ಅವನು ಕೂಡಲೇ ಉತ್ತರ ಕೊಟ್ಟ. "ಪರೀಕ್ಷಾ ಬರೀತೀನಿ. ಕ್ಲಾಸಿಗೆ ಹೋಗಂಗಿಲ್ಲ." ಬರೆಯುವುದೇ ಇಲ್ಲ ಎನ್ನುತ್ತಾನೆ ಎಂದು ನಾನೂ ಅಂದುಕೊಂಡಿದ್ದೆ.

ನೋಟ್‌ಬುಕ್ಕು, ಜೆಸಿಬಿ

ಮುಂದಿನ ಎರಡು ತಿಂಗಳು ಕಷ್ಟಪಟ್ಟವರು ದೊಡ್ಡವರು. ಎರಡು ಪ್ರಸಂಗ ಹೇಳುತ್ತೇನೆ.

ನವೆಂಬರಿನ ಒಂದು ಬೆಳಿಗ್ಗೆ ಸಂಜು ವಿಜ್ಞಾನದ ನೋಟ್‌ಬುಕ್ಕನ್ನು ಊಟದ ಮೇಜಿನ ಮೇಲೆ ಬಿಟ್ಟು ಹೋದ. ಹಿಂದೆಯೂ ಬಿಡುತ್ತಿದ್ದ, ತಾಯಿ ತಮ್ಮ ಶಾಲೆಗೆ ಹೋಗುವ ದಾರಿಯಲ್ಲಿ ಸ್ಕೂಟಿ ತಿರುಗಿಸಿ ಕೊಟ್ಟು ಹೋಗುತ್ತಿದ್ದರು. ಈ ಸಲ ಸ್ಕೂಟಿಯ ಸೀಟಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಗೇಟಿನ ಹತ್ತಿರ ಐದು ನಿಮಿಷ ನಿಂತರಂತೆ. ಆಮೇಲೆ ಒಳಗಿಟ್ಟು ಹೋದರು. ದಿನವಿಡೀ ಪಾಠದಲ್ಲಿ ಮನಸ್ಸಿರಲಿಲ್ಲ. ಸಂಜೆ ಸಂಜು ಬಂದವನೇ ಹೇಳಿದ್ದು: ಮಿಸ್ ಬೈದರು, ರಫ್ ಹಾಳೆಯಲ್ಲಿ ಬರೆದುಕೊಂಡೆ, ಗೆಳೆಯನ ಪುಸ್ತಕ ನೋಡಿ ಬರೀತೀನಿ. ಮೂರು ವಾಕ್ಯದಲ್ಲಿ ಮುಗಿಸಿ ಆಡಲು ಓಡಿದ. ಬ್ರಿಟನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ 1953ರ ಲೇಖನವೊಂದರಲ್ಲಿ "ಸಾಕಷ್ಟು ಒಳ್ಳೆಯ ತಾಯಿ" ಎಂಬ ಮಾತು ಬಳಸಿದ್ದರು. ಎಳೆಗೂಸಿನ ಅಗತ್ಯಕ್ಕೆ ಪೂರ್ತಿ ಒದಗುವ ತಾಯಿ, ಮಗುವಿಗೆ ತಾಳಿಕೊಳ್ಳುವ ಶಕ್ತಿ ಬಂದಂತೆಲ್ಲ ಒಂದಿಷ್ಟು ಒಂದಿಷ್ಟೇ ಒದಗದೆ ಹೋಗುತ್ತಾಳೆ. ಆ ಒದಗದಿರುವುದೂ ಅವಳ ಕೆಲಸವೇ ಎಂಬುದು ಅವರ ವಾದ. ಗೇಟಿನ ಹತ್ತಿರದ ಐದು ನಿಮಿಷ ಆ ಕೆಲಸ.

ಇನ್ನೊಂದು, ಸಂಜು ಮೊದಲ ಸಲ ಒಬ್ಬನೇ ಸೈಕಲ್ಲಿನಲ್ಲಿ ಕಿರಾಣಿ ಅಂಗಡಿಗೆ ಹೋದದ್ದು. ನಾಲ್ಕುನೂರು ಮೀಟರ್ ದೂರ, ಹೆದ್ದಾರಿ ದಾಟಬೇಕಿಲ್ಲ. ಎಂಟು ನಿಮಿಷದಲ್ಲಿ ಬರಬೇಕಾದವನು ಇಪ್ಪತ್ತೈದು ನಿಮಿಷವಾದರೂ ಇಲ್ಲ. ತಂದೆ ಅಂಗಡಿ ಬಿಟ್ಟು ಬೈಕ್ ಹತ್ತಿದರು. ಅಜ್ಜಿ ಎದುರು ಕಟ್ಟೆಯ ಮೇಲೆ ಕೂತವರು "ನಿಲ್ಲೋ, ಬರ್ತಾನ" ಎಂದರು. ಬಂದ. ಕೈಚೀಲದಲ್ಲಿ ಸಕ್ಕರೆ, ಚಿಲ್ಲರೆ ಎರಡು ರೂಪಾಯಿ ಕಡಿಮೆ. ದಾರಿಯಲ್ಲಿ ಚರಂಡಿ ತೋಡುವ ಜೆಸಿಬಿ ನೋಡುತ್ತ ನಿಂತಿದ್ದನಂತೆ. ಬಕೆಟ್ ಹೇಗೆ ಮಡಚುತ್ತದೆ ಎಂದು ಊಟದ ತಟ್ಟೆಯಲ್ಲಿ ಚಮಚ ಹಿಡಿದು ತೋರಿಸಿದ. ಎಷ್ಟೋ ತಿಂಗಳ ಮೇಲೆ ಅವನಾಗಿ ಅಷ್ಟು ಉದ್ದಕ್ಕೆ ಮಾತಾಡಿದ್ದು ಅವತ್ತೇ ಎಂದು ತಂದೆ ಹೇಳಿದರು. ಎರಡು ರೂಪಾಯಿ ಎಲ್ಲಿ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದರಂತೆ. ಅಂದರೆ ಬಟ್ಟಲಿಗೆ ಒಂದು ಕಾಳು ಕಡಿಮೆ.

ಅಡ್ಡಿ ಬಂದದ್ದು ಹೊರಗಿನಿಂದ. ತಂದೆಯ ಅಣ್ಣ ದೀಪಾವಳಿಗೆ ಬಂದವರು "ಛಡಿ ಛಂ ಛಂ, ವಿದ್ಯಾ ಘಂ ಘಂ" ಎಂದು, ಅಂದರೆ ಬೆತ್ತದೇಟು ಬಿದ್ದರೇ ವಿದ್ಯೆ ಎಂದು, ಹಾಡಿ ತೋರಿಸಿದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದೂ ಕೇಳಿದರು. ತಂದೆಗೆ ಉತ್ತರ ತೋಚಲಿಲ್ಲ. ತಾಯಿಗೆ ಸ್ಟಾಫ್ ರೂಮಿನಲ್ಲಿ ಬೇರೆ ಮಾತು: ಊರ ಮಕ್ಕಳಿಗೆಲ್ಲ ಪಾಠ ಹೇಳುವವರು ಸ್ವಂತ ಮಗನ ಕೋಚಿಂಗ್ ಬಿಡಿಸಿದರಂತೆ. ಒಂದು ವಾರ ಅವರು ಮತ್ತೆ ಐದಕ್ಕೆ ಎಬ್ಬಿಸಿದರು. ಆ ವಾರ ಸಂಜುನ ಪುಸ್ತಕದಲ್ಲಿ ನಡುವಿನ ನೋವು ಮೂರು ಸಲ. ಪುಸ್ತಕ ನೋಡಿ ತಾವೇ ನಿಲ್ಲಿಸಿದರು, ನಾನು ಏನೂ ಹೇಳಬೇಕಾಗಲಿಲ್ಲ.

ಏನಾಯಿತು

ಅಕ್ಟೋಬರ್ ಕೊನೆಗೆ ವಾರಕ್ಕೆ ಐದು ದಿನ ಇದ್ದ ನೋವು ಡಿಸೆಂಬರಿನಲ್ಲಿ ತಿಂಗಳಿಗೆ ಎರಡು ಸಲಕ್ಕೆ ಇಳಿಯಿತು. ವಾಂತಿ ನಿಂತಿತು. ಶಾಲೆಯ ಅಂಕಗಳೂ ಇಳಿದವು, 92ರಿಂದ 84ಕ್ಕೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಸಡಿಲ ಬಿಟ್ಟರೆ ಅಂಕ ತಾನಾಗಿ ಏರುತ್ತದೆ ಎಂದು ಬರೆಯುವವರಿದ್ದಾರೆ. ಈ ಮನೆಯಲ್ಲಿ ಹಾಗಾಗಲಿಲ್ಲ.

ಜನವರಿಯಲ್ಲಿ ಪರೀಕ್ಷೆ ಬರೆದ. ಹಿಂದಿನ ದಿನ ಸಂಜೆ ಸಣ್ಣ ನೋವು, ಬೆಳಿಗ್ಗೆ ಇಲ್ಲ. ಹೊರಬಂದವನಿಗೆ "ಹೆಂಗಾತು" ಎಂದು ಕೇಳದೆ ತಂದೆ ಗಿರಮಿಟ್ ತಿನ್ನಿಸಲು ಕರೆದುಕೊಂಡು ಹೋದರು. ಅರ್ಧ ತಿಂದ ಮೇಲೆ ಅವನೇ ಹೇಳಿದ, "ಇಪ್ಪತ್ತು ಬಂದಿಲ್ಲ ಪಪ್ಪಾ." ಫಲಿತಾಂಶದಲ್ಲಿ ಅವನ ನಂಬರ್ ಇರಲಿಲ್ಲ. ತಾಯಿ ಅಡುಗೆಮನೆಯಲ್ಲಿ ಅತ್ತರು, ಸಂಜು ನೋಡಿದ. ಮುಚ್ಚಿಡಲು ಹೋಗಬೇಡಿ ಎಂದು ಮೊದಲೇ ಮಾತಾಡಿಕೊಂಡಿದ್ದೆವು. "ನನಗ ಬ್ಯಾಸರಾಗೇತಿ. ನಿನ್ನ ಮ್ಯಾಲೆ ಅಲ್ಲ" ಎಂದರಂತೆ. ಅವನು ಒಂದಷ್ಟು ಹೊತ್ತು ಅಲ್ಲೇ ನಿಂತು, ಕೊತ್ತಂಬರಿ ಸೋಸಿಕೊಟ್ಟ.

ಈ ಸುಧಾರಣೆಯೆಲ್ಲ ಚೀಟಿ ಹಂಚಿದ್ದರಿಂದಲೇ ಆಯಿತು ಎಂದು ನಾನು ಹೇಳಲಾರೆ. ನಿದ್ದೆ ಆರೂಕಾಲು ತಾಸಿನಿಂದ ಒಂಬತ್ತೂವರೆಗೆ ಏರಿದ್ದು ಒಂದೇ ಅರ್ಧ ಕೆಲಸ ಮಾಡಿರಬಹುದು. ನಿಂತುಕೊಳ್ಳುವ ಶಿಕ್ಷೆಯ ಭಯವೂ ಕೋಚಿಂಗ್ ಜೊತೆಗೇ ಹೋಗಿತ್ತು. ಇಂಥ ಹೊಟ್ಟೆನೋವು ಎಷ್ಟೋ ಮಕ್ಕಳಲ್ಲಿ ಕಾಲಕ್ರಮದಲ್ಲಿ ತಾನೇ ಕಡಿಮೆಯಾಗುತ್ತದೆ. ಅಜ್ಜಿ ಮನೆಯಲ್ಲಿದ್ದದ್ದೂ ಲೆಕ್ಕಕ್ಕೆ ಬರಬೇಕು. ಇಬ್ಬರೂ ದುಡಿಯುವ, ಮೂರನೆಯವರಿಲ್ಲದ ಮನೆಗೆ ಇದನ್ನು ಹೀಗೇ ಎತ್ತಿ ಕೊಡಲಾಗದು.

ನನ್ನ ಕೆಲಸದಲ್ಲಿ ಬದಲಾದದ್ದು ಇಷ್ಟು. "ಸಡಿಲ ಬಿಡಿ" ಎಂಬ ಮಾತನ್ನು ಈಗ ಬಳಸುವುದಿಲ್ಲ. ಯಾವುದನ್ನು ಬಿಡುತ್ತೀರಿ ಎನ್ನುವುದಕ್ಕೆ ಮೊದಲು ಯಾವುದನ್ನು ಹಿಡಿಯುತ್ತೀರಿ ಎಂದು ಕೇಳುತ್ತೇನೆ. ಬಿಡುವುದನ್ನು ಮಗುವಿಗೆ ಬಾಯಿಬಿಟ್ಟು ಹೇಳಿ, ಯಾಕೆ ಎಂದೂ ಹೇಳಿ ಎನ್ನುತ್ತೇನೆ. ಬಿಟ್ಟ ಜಾಗಕ್ಕೆ ಏನು ಬರುತ್ತದೆ ಎಂಬುದನ್ನೂ ಆ ದಿನವೇ ಮಾತಾಡುತ್ತೇನೆ. ಸಂಜುನ ಮನೆಯಲ್ಲಿ ಅದು ರಾತ್ರಿ ಅಂಗಡಿ ಮುಚ್ಚುವ ಮುಂಚಿನ ಇಪ್ಪತ್ತು ನಿಮಿಷ. ಅವನು ಹೋಗಿ ಗಲ್ಲಾದ ಪಕ್ಕ ಕೂರುತ್ತಾನೆ, ತಂದೆ ಲೆಕ್ಕ ಬರೆಯುತ್ತಾರೆ. ಹೆಚ್ಚು ಮಾತಿಲ್ಲ.

ತಂಗಿಯ ವಿಷಯ ಇನ್ನೂ ತೀರ್ಮಾನವಾಗಿಲ್ಲ. "ಇಕಿಗೆ ನಾ ಫಾರ್ಮ್ ತಂದ ತರ್ತೀನ್ರಿ" ಎಂದು ತಾಯಿ ಈಗಲೇ ಹೇಳಿದ್ದಾರೆ. ತರಲಿ. ನಾನೂ ತರುತ್ತಿದ್ದೆ.

ಒಂದು ವರ್ಷವಾದ ಮೇಲೆ, ಆಗಸ್ಟಿನಲ್ಲಿ, ವಿಚಾರಿಸಲು ಫೋನ್ ಮಾಡಿದೆ. ಸಂಜು ಈಗ ಅದೇ ಶಾಲೆಯಲ್ಲಿ ಆರನೇ ಇಯತ್ತೆ, ಕಬಡ್ಡಿ ಟೀಮಿನಲ್ಲಿದ್ದಾನೆ, ಮೊಣಕಾಲು ಸದಾ ಕೆತ್ತಿಕೊಂಡಿರುತ್ತದೆ. ಹೊಟ್ಟೆನೋವು ಯೂನಿಟ್ ಟೆಸ್ಟ್ ಇದ್ದಾಗ ಒಮ್ಮೊಮ್ಮೆ. ಆ ಬೆಳಿಗ್ಗೆಯೇ ಬುತ್ತಿಯ ಡಬ್ಬಿಯನ್ನೂ ಸಮಾಜದ ನೋಟ್‌ಬುಕ್ಕನ್ನೂ ಎರಡನ್ನೂ ಮರೆತು ಹೋಗಿದ್ದಾನೆ ಎಂದು ತಾಯಿ ನಕ್ಕರು.

"ಏನ್ ಮಾಡಿದ್ರಿ?"

"ಬುತ್ತಿ ಕೊಟ್ಟು ಬಂದ್ನಿರಿ. ಹಸಗೊಂಡು ಕುಂತಾನು ಅಂತ. ನೋಟ್‌ಬುಕ್ಕು ಇಲ್ಲೇ ಐತಿ, ನೋಡ್ರಿ, ನನ್ನ ಮುಂದನ ಐತಿ."